ದೀಪದ ಬುಡದಲ್ಲಿ ಬಿದ್ದ ಹೂವು

ದೇವರು ಹೂ ಕೊಡುತ್ತಾನೆ ಎನ್ನುವವರನ್ನು ಕಂಡರೆ ನನಗೆ ಮೊದಲಿನಿಂದಲೂ ನಗು. ನೀರಿನಲ್ಲಿ ಅದ್ದಿದ ಹೂವನ್ನು ಕಲ್ಲಿನ ಮೂರ್ತಿಯ ಭುಜಕ್ಕೆ ಅಂಟಿಸಿದರೆ ಅದು ಯಾವಾಗಲಾದರೂ ಬೀಳಲೇಬೇಕು. ಯಾವ ಕಡೆಯ ನೀರು ಮೊದಲು ಆರುತ್ತದೋ ಆ ಕಡೆಯದು ಮೊದಲು ಬೀಳುತ್ತದೆ. ಹೊಸಪೇಟೆಯ ಕಾಲೇಜೊಂದರಲ್ಲಿ ಭೌತಶಾಸ್ತ್ರ ಕಲಿಸುತ್ತಿದ್ದ ನನಗೆ ಇದರಲ್ಲಿ ಕೈಮುಗಿಯುವಂಥದ್ದೇನೂ ಕಾಣುತ್ತಿರಲಿಲ್ಲ. ಇದನ್ನೇ ನೆಂಟರ ಮನೆಯ ಊಟದ ಪಂಕ್ತಿಯಲ್ಲಿ ಹೇಳಿ ಬೈಸಿಕೊಂಡದ್ದೂ ಉಂಟು. ಈಗಲೂ ನಾನು ಹೂ ಕೇಳಿಸುವವಳಲ್ಲ. ಆದರೆ ನಗುವುದನ್ನು ಬಿಟ್ಟಿದ್ದೇನೆ. ಯಾಕೆ ಬಿಟ್ಟೆ ಎಂದು ಹೇಳುತ್ತೇನೆ. ಕೇಳಿದ ಮೇಲೆ ನಿಮಗೇನಾದರೂ ಹೊಳೆದರೆ ನೀವು ನನಗಿಂತ ಜಾಣರು.

ಹಂದಿಜ್ವರದ ವರ್ಷ ಅದು. ಅದಿರಿನ ಲಾರಿಗಳು ಹಗಲೂ ರಾತ್ರಿ ಓಡುತ್ತಿದ್ದ ಕಾಲ. ಕೆಂಪು ದೂಳಿಗೆ ಮೂಗಿಗೆ ಕರವಸ್ತ್ರ ಕಟ್ಟಿಕೊಳ್ಳುವುದು ನಮಗೆ ಎಂದೋ ರೂಢಿಯಾಗಿತ್ತು. ಆ ವರ್ಷ ಅದೇ ಕರವಸ್ತ್ರವನ್ನು ಜ್ವರದ ಹೆದರಿಕೆಗೂ ಕಟ್ಟಿಕೊಂಡೆವು. ಯಾರಾದರೂ ಕೆಮ್ಮಿದರೆ ಬಸ್ಸಿನಲ್ಲಿ ಪಕ್ಕದವರು ಎದ್ದು ಹೋಗುತ್ತಿದ್ದರು. ಜ್ವರ ಜೋರಾಗಿದ್ದ ಪುಣೆಯ ಕಡೆಯಿಂದ ಯಾರ ಮನೆಗೆ ಯಾರು ಬಂದರು ಎನ್ನುವುದು ಓಣಿಯ ದೊಡ್ಡ ಸುದ್ದಿಯಾಗುತ್ತಿತ್ತು.

ಪದ್ಮಾಬಾಯಿ ಎಂಬುವರ ಮನೆಯ ಮೊದಲ ಮಹಡಿಯಲ್ಲಿ ನಾನು ಬಾಡಿಗೆಗಿದ್ದೆ. ಅವರ ಯಜಮಾನರು ಟಿ.ಬಿ. ಡ್ಯಾಮಿನ ಕಾಲುವೆ ಆಫೀಸಿನಲ್ಲಿದ್ದು, ನಿವೃತ್ತಿಯ ಹೊತ್ತಿಗೆ ಈ ಮನೆ ಕಟ್ಟಿಸಿ ತೀರಿಕೊಂಡಿದ್ದರು. ನಮ್ಮ ವೈಷ್ಣವರಿಗೆ ಬಿಟ್ಟು ಬೇರೆಯವರಿಗೆ ಮನೆ ಕೊಡುವುದಿಲ್ಲ ಎಂಬ ಅವರ ನೇಮದ ದಯೆಯಿಂದ ನನಗೆ ಆ ಎರಡು ಕೋಣೆ ಸಿಕ್ಕಿದ್ದವು. ಕೆಳಗೆ ಪದ್ಮಾಬಾಯಿ, ಮಗ ಶ್ರೀನಿವಾಸ, ಸೊಸೆ ಸುಧಾ, ಮಗಳು ವಿದ್ಯಾ. ಶ್ರೀನಿವಾಸ ಯಶವಂತನಗರದ ಒಂದು ಗಣಿ ಕಂಪನಿಯಲ್ಲಿ ಲೆಕ್ಕ ನೋಡುತ್ತಿದ್ದ, ಕಂಪನಿ ಬಸ್ಸಿನಲ್ಲಿ ಹೋಗಿಬರುತ್ತಿದ್ದ. ವಿದ್ಯಾಳಿಗೆ ಸಂಡೂರಿನ ಅನುಕೂಲಸ್ಥರ ಮನೆಯ ಹುಡುಗ ಗೊತ್ತಾಗಿದ್ದ. ಮದುವೆಗೆ ಛತ್ರವನ್ನೂ ಹಿಡಿದಾಗಿತ್ತು.

ಸುಧಾ ಬಂಡ್ರಿಯ ಹುಡುಗಿ. ತಾಯಿ ತಂದೆ ಇಲ್ಲ, ಅಣ್ಣನೊಬ್ಬ. ಮಧ್ಯಾಹ್ನ ಅತ್ತೆ ಮಲಗಿದ ಮೇಲೆ ಬೆಕ್ಕಿನ ಹೆಜ್ಜೆಯಲ್ಲಿ ಮೆಟ್ಟಿಲೇರಿ ನನ್ನ ಕೋಣೆಗೆ ಬಂದು, ಅತ್ತೆ ಅಡುಗೆಮನೆಗೇ ಬಿಡದ ಉಳ್ಳಾಗಡ್ಡಿ ಹಾಕಿದ ಮಂಡಕ್ಕಿ ಒಗ್ಗರಣೆ ತಿಂದು, ಬಾಯಿಗೆ ಏಲಕ್ಕಿ ಹಾಕಿಕೊಂಡು ಇಳಿದು ಹೋಗುತ್ತಿದ್ದಳು. "ನೀವು ಪಾಪದಾಗ ಪಾಲುಗಾರರು ಅಕ್ಕಾ, ನೆನಪಿಟ್ಟಿರ್ರಿ" ಎಂದು ನಗುತ್ತಿದ್ದಳು. ಆ ಮನೆಯಲ್ಲಿ ನಗುತ್ತಿದ್ದವಳು ಅವಳೊಬ್ಬಳೇ ಇರಬೇಕು.

ಈ ಮನೆತನದವರು ನಡೆದುಕೊಳ್ಳುವ ದೇವರು ಕಂಪ್ಲಿಯ ಹತ್ತಿರ ಹೊಳೆದಂಡೆಯಲ್ಲಿರುವ ಪ್ರಾಣದೇವರು, ಅಂದರೆ ಹನುಮಪ್ಪ. ಸಣ್ಣ ಗುಡಿ, ದೊಡ್ಡ ಹೆಸರು. ಮೂರ್ತಿಯ ಎರಡು ಭುಜಕ್ಕೂ ಒಂದೊಂದು ಹೂ ಏರಿಸಿ ಮನಸ್ಸಿನ ಪ್ರಶ್ನೆ ಕೇಳಬೇಕು. ದೇವರ ಬಲಭುಜದ ಹೂ ಬಿದ್ದರೆ ಹೂಂ, ಎಡಭುಜದ್ದು ಬಿದ್ದರೆ ಬೇಡ. ಹೆಣ್ಣು ಕೊಡುವುದು, ಹೊಲ ಕೊಳ್ಳುವುದು, ಆಪರೇಷನ್ನು ಮಾಡಿಸುವುದು ಎಲ್ಲಕ್ಕೂ ಈ ಅಪ್ಪಣೆ ಬೇಕು. ಒಮ್ಮೆ ಕೇಳಿದ್ದನ್ನು ಎರಡನೆಯ ಸಲ ಕೇಳಬಾರದು, ಕೇಳಿದರೆ ದೇವರಿಗೆ ಅಪಚಾರ.

ಜ್ವರದ ಗಲಾಟೆ ಎದ್ದಾಗ ಗುಡಿಯ ಹಿರಿಯರು ಹೊರಗಿನವರು ಬರುವುದು ಬೇಡ ಎಂದು ಬಾಗಿಲು ಹಾಕಿಸಿದರು. ಆದರೆ ಅಪ್ಪಣೆ ನಿಲ್ಲಲಿಲ್ಲ. ಗಣಿಯ ದುಡ್ಡಿನಿಂದ ದಿಢೀರನೆ ಮೇಲೆ ಬಂದ ಭಕ್ತರೊಬ್ಬರು ಕಂಪ್ಯೂಟರು, ಕ್ಯಾಮೆರಾ, ಇಂಟರ್ನೆಟ್ಟು ಎಲ್ಲ ಹಾಕಿಸಿಕೊಟ್ಟರು. ಬೆಳಗಿನ ಪೂಜೆಯಾದ ಮೇಲೆ ಅರ್ಚಕ ಗೋಪಾಲಾಚಾರ್ರು ಕ್ಯಾಮೆರಾದ ಮುಂದೆ ಹೂ ಏರಿಸುತ್ತಿದ್ದರು, ಹೊಸಪೇಟೆಯಲ್ಲಿ ನಮ್ಮವರು ಮನೆಯಲ್ಲೇ ಕೂತು ಕೇಳುತ್ತಿದ್ದರು. ನನಗೆ ಅದು ಒಳ್ಳೆಯ ತಮಾಷೆಯಾಗಿತ್ತು. ಪದ್ಮಾಬಾಯಿ ಕಂಪ್ಯೂಟರಿನ ಮೇಜಿನ ಕೆಳಗೆ ರಂಗೋಲಿ ಹಾಕಿ, ಪರದೆಗೆ ಗಂಧ ಹಚ್ಚಿ, ಮಡಿಯುಟ್ಟು ಅದರ ಮುಂದೆ ಕೂರುತ್ತಿದ್ದರು. ಮೌಸು ಮುಟ್ಟಿದರೆ ಮಡಿ ಕೆಡುತ್ತದೋ ಇಲ್ಲವೋ ಎಂಬ ಪ್ರಶ್ನೆ ಬಗೆಹರಿಯದ್ದರಿಂದ ಅದನ್ನು ಒತ್ತುವ ಕೆಲಸ ಮೈಲಿಗೆಯ ವಿದ್ಯಾಳದು. ಪರದೆಯ ಮುಂದೆ ಒಂದು ತಂಬಿಗೆ ನೀರಿಟ್ಟು, ಪೂಜೆ ಮುಗಿದ ಮೇಲೆ ಅದನ್ನೇ ತೀರ್ಥ ಎಂದು ಹಂಚುತ್ತಿದ್ದರು. ನನಗೂ ಒಂದು ಉದ್ಧರಣೆ ಬರುತ್ತಿತ್ತು.

ಶ್ರೀನಿವಾಸ ಕಂಪನಿಯ ಕೆಲಸಕ್ಕೆ ಪುಣೆಗೆ ಹೋಗಿ ಬಂದ. ಬಂದವನು ಕೆಮ್ಮಿದ, ಮೈ ಬಿಸಿ ಮಾಡಿಕೊಂಡ. ಅವನನ್ನು ಯಾರೂ ಬೇರೆ ಕೋಣೆಗೆ ಹಾಕಲಿಲ್ಲ. ಸುಧಾ ಕಷಾಯ ಕಾಸಿ ಕೊಟ್ಟಳು, ಹಣೆಗೆ ಒದ್ದೆಬಟ್ಟೆ ಇಟ್ಟಳು, ರಾತ್ರಿ ಪಕ್ಕದಲ್ಲಿ ಕೂತಳು. ಅವನು ಎದ್ದು ಓಡಾಡತೊಡಗಿದ, ಇವಳು ಮಲಗಿದಳು. ಇವಳನ್ನು ಮಾತ್ರ ಆ ದಿನವೇ ಚಾಪೆ ಸಮೇತ ತಾರಸಿಯ ಮೇಲಿನ ತಗಡಿನ ಕೋಣೆಗೆ ಹತ್ತಿಸಿದರು. ಹಳೆಯ ಡಬ್ಬಿ, ಮುರಿದ ತೊಟ್ಟಿಲು ಇಡುತ್ತಿದ್ದ ಕೋಣೆ ಅದು. ಅಲ್ಲಿಗೆ ಗಂಜಿ ಒಯ್ಯುವ ಕೆಲಸ ನನ್ನದಾಯಿತು. ಯಾರೂ ಹೇಳಲಿಲ್ಲ, ಅವರಾರೂ ಒಯ್ಯದ್ದರಿಂದ ಆಯಿತು.

ಓಣಿಯ ಡಾಕ್ಟರು ಬಂದು ಬಾಗಿಲಲ್ಲೇ ನಿಂತು ಅವಳ ಉಸಿರು ನೋಡಿದರು. "ಇವತ್ತs ಬಳ್ಳಾರಿಗೆ ಒಯ್ರಿ. ಈ ಜ್ವರದ ಗುಳಿಗಿ ದೊಡ್ಡಾಸ್ಪತ್ರ್ಯಾಗ ಮಾತ್ರ ಸಿಗ್ತದ. ತಡಾ ಮಾಡಬ್ಯಾಡ್ರಿ" ಎಂದು ಸ್ಪಷ್ಟವಾಗಿ ಹೇಳಿ ಹೋದರು.

ಅವರು ಗೇಟು ದಾಟುವುದೇ ತಡ, ಪದ್ಮಾಬಾಯಿ ಮಗನನ್ನು ಕರೆದರು. "ಬಳ್ಳಾರಿಗೆ ಒಯ್ದ್ರ ಪರೀಕ್ಷಾ ಮಾಡ್ತಾರ. ಅದs ಜ್ವರ ಅಂತ ಬಂದ್ರ ಪೇಪರಿನ್ಯಾಗ ಹಾಕ್ತಾರ. ಸಂಡೂರಿನವರು ಕೇಳಿದ್ರ ಏನ್ ಹೇಳ್ತಿ? ವಿದ್ಯಾನ ಗತಿ ಏನು?" ಶ್ರೀನಿವಾಸ ಉಗುರು ಕಚ್ಚುತ್ತಾ ನಿಂತ. "ನಾನೇನ ಒಯ್ಯಬ್ಯಾಡ ಅನ್ನಂಗಿಲ್ಲಪಾ. ದೇವರನ್ನ ಕೇಳೋಣು. ಅಂವ ಒಯ್ರಿ ಅಂದ್ರ ಒಯ್ಯೋಣು" ಎಂದರು ಆಕೆ.

ಮೆಟ್ಟಿಲ ಮೇಲೆ ನಿಂತು ಇದನ್ನೆಲ್ಲ ಕೇಳಿಸಿಕೊಂಡ ನಾನು ಜಗಳವಾಡಲೆಂದೇ ಕೆಳಗಿಳಿದೆ. ಹೋದಾಗ ಪರದೆಯ ಮೇಲೆ ಪ್ರಾಣದೇವರು ಆಗಲೇ ಬಂದು ನಿಂತಿದ್ದ. ಚಿತ್ರ ಎಂದಿನಂತೆ ತಡೆತಡೆದು ಬರುತ್ತಿತ್ತು. ದೇವರ ಎಡಕ್ಕೆ ನಂದಾದೀಪ ಉರಿಯುತ್ತಿತ್ತು, ಬಲಕ್ಕೆ ಬರಿಯ ಗೋಡೆ. ದಿನವೂ ಕೆಂಪು ಕಣಗಿಲೆ ಏರಿಸುತ್ತಿದ್ದವರು ಅಂದು ಅದು ಸಿಗದೆ ಬಿಳಿ ಸೇವಂತಿಗೆ ಏರಿಸಿದ್ದರು. ಪದ್ಮಾಬಾಯಿ ಮೈಕಿನ ಹತ್ತಿರ ಬಾಗಿ, "ಸೊಸಿಗೆ ಜ್ವರ ಬಂದದ. ಬಳ್ಳಾರಿಗೆ ಒಯ್ಯೋದು ನಿನ್ನ ಮನಸ್ಸಿನ್ಯಾಗ ಇದ್ರ ಬಲಕ್ಕ ಕೊಡು ನಮ್ಮಪ್ಪಾ. ಬ್ಯಾಡ ಅಂದ್ರ ಎಡಕ್ಕ ಕೊಡು" ಎಂದರು. ಗೋಪಾಲಾಚಾರ್ರು ಅದನ್ನೇ ದೇವರಿಗೆ ಹೇಳಿ ಪಕ್ಕಕ್ಕೆ ಸರಿದು ಕೂತರು. ಹೂ ಏರಿಸಿದ ಮೇಲೆ ನೈವೇದ್ಯ ಮುಗಿಯುವ ತನಕ ಅವರು ಬಾಯಿ ಬಿಡುವುದಿಲ್ಲ, ಫೋನು ಮುಟ್ಟುವುದಿಲ್ಲ.

ನಾವು ನಾಲ್ವರು ನೋಡುತ್ತಾ ನಿಂತೆವು. ಕೆಲವು ನಿಮಿಷ ಏನೂ ಆಗಲಿಲ್ಲ. ಆಮೇಲೆ ಚಿತ್ರ ಒಮ್ಮೆ ನಿಂತು ಮತ್ತೆ ಚಲಿಸಿತು. ಎಡಭುಜ ಬರಿದಾಗಿತ್ತು, ಹೂ ನಂದಾದೀಪದ ಬುಡದಲ್ಲಿ ಬಿದ್ದಿತ್ತು. ನಾನೂ ನೋಡಿದೆ, ಚೆನ್ನಾಗಿಯೇ ನೋಡಿದೆ. ದೀಪದ ಬೆಳಕಿನಲ್ಲಿ ಆ ಬಿಳಿ ಹೂ ಹಳದಿಯಾಗಿ ಕಾಣುತ್ತಿತ್ತು.

"ದೀಪದ ಬುಡಕ್ಕ ಬಿತ್ತು! ಎಡಕ್ಕ ಕೊಟ್ಟ!" ಎಂದಳು ವಿದ್ಯಾ. ಆ ಹುಡುಗಿಯ ದನಿಯಲ್ಲಿ ಎಂಥ ಹಗುರವಿತ್ತು ಎಂದರೆ ನನಗೆ ಅವಳ ಕೆನ್ನೆಗೆ ಬಾರಿಸಬೇಕೆನಿಸಿತು. ಪದ್ಮಾಬಾಯಿ ಕೆನ್ನೆ ಕೆನ್ನೆ ಬಡಿದುಕೊಂಡು ಪರದೆಗೆ ನಮಸ್ಕಾರ ಮಾಡಿದರು. ಅಷ್ಟರಲ್ಲಿ ಸಂಪರ್ಕ ಕಡಿದು ಪರದೆ ಕಪ್ಪಾಯಿತು.

ನಾನು ಬಾಯಿಗೆ ಬಂದದ್ದನ್ನು ಅಂದು, ಗಂಜಿಯ ಬಟ್ಟಲು ಹಿಡಿದು ತಾರಸಿಗೆ ಹತ್ತಿದೆ. ಬಾಗಿಲು ತಳ್ಳಿದರೆ ಸುಧಾ ಎದ್ದು ಕೂತಿದ್ದಳು. ಬೆಳಿಗ್ಗೆ ತಲೆ ಎತ್ತಲಾರದೆ ಬಿದ್ದಿದ್ದವಳು ತಲೆ ಬಾಚಿಕೊಂಡು, ಬೇರೆ ಸೀರೆ ಉಟ್ಟು, ಎರಡು ಸೀರೆ ತುಂಬಿದ ಬ್ಯಾಗನ್ನು ತೊಡೆಯ ಮೇಲೆ ಇಟ್ಟುಕೊಂಡು ಗೋಡೆಗೆ ಒರಗಿದ್ದಳು. ನಾನು ಇನ್ನೂ ಬಾಯಿ ತೆರೆದಿರಲಿಲ್ಲ.

"ಬಲಕ್ಕ ಕೊಟ್ಟ ಅಲ್ರಿ ಅಕ್ಕಾ? ಗಾಡಿ ಬಂತೇನ್ರಿ?" ಎಂದಳು.

"ಯಾರು ಹೇಳಿದರು ನಿನಗೆ?"

"ನಾನs ನೋಡಿದೆ ಅಲ್ರಿ. ಬಿಳಿ ಸೇವಂತಗಿ. ದೀಪ ಇಲ್ಲದ ಕಡಿಗೆ ಬಿತ್ತು."

ಆ ಕೋಣೆಯಲ್ಲಿದ್ದದ್ದು ಹೊರಗಿನ ಆಕಾಶಕ್ಕೆ ತೆರೆಯುವ ಒಂದು ಕಿಟಕಿ. ಅವಳ ಮೊಬೈಲನ್ನು, ತವರಿಗೆ ಫೋನು ಮಾಡಿ ಸುದ್ದಿ ಹಬ್ಬಿಸುತ್ತಾಳೆಂದು, ಅತ್ತೆ ಇಸಿದುಕೊಂಡಿದ್ದರು. ಎರಡು ಮಹಡಿ ಕೆಳಗಿನ ಪಡಸಾಲೆಯ ಮಾತು ಅಲ್ಲಿಗೆ ಕೇಳುವುದಿಲ್ಲ. ಕಣಗಿಲೆಯ ಬದಲು ಸೇವಂತಿಗೆ ಏರಿಸಿದ್ದು ನನಗೇ ಆಗಷ್ಟೇ ಗೊತ್ತಾದದ್ದು. ಜ್ವರದ ನೆತ್ತಿಗೆ ಏನೇನೋ ಕಾಣುತ್ತದೆ ಎಂದುಕೊಂಡೆ. ಎಡಕ್ಕೆ ಬಿತ್ತೆಂದು, ಒಯ್ಯುವುದಿಲ್ಲವಂತೆ ಎಂದು ಹೇಳಿದೆ. ಅವಳು ನನ್ನನ್ನೇ ಮರುಕದಿಂದ ನೋಡಿದಳು. "ಇಲ್ರಿ ಅಕ್ಕಾ. ನೀವು ಸರಿಯಾಗಿ ನೋಡಿಲ್ಲ. ಗಾಡಿ ಬರ್ತದ, ನೀವs ನೋಡ್ರಿ" ಎಂದಳು. ಬ್ಯಾಗನ್ನು ಕೆಳಗಿಡಲಿಲ್ಲ.

ನಾನು ಮತ್ತೆ ಇಳಿದು ಹೋಗಿ, ದೇವರ ಮಾತು ಬಿಡಿ, ಡಾಕ್ಟರ ಮಾತಿಗಾದರೂ ಬೆಲೆ ಕೊಡಿ ಎಂದೆ. ಅದೂ ಬೇಡವಾದರೆ ಆಚಾರ್ರಿಗೆ ಫೋನು ಹಚ್ಚಿ ಇನ್ನೊಮ್ಮೆ ಕೇಳಿ ಎಂದೆ. "ಇನ್ನೊಮ್ಮೆ ಕೇಳೋದಾ?" ಪದ್ಮಾಬಾಯಿಯ ಮುಖ ಬಿಗಿಯಿತು. "ನಾವು ಕಾಲೇಜು ಕಲಿತವರಲ್ಲ ನೋಡ್ರಿ. ಒಮ್ಮೆ ಹೇಳಿದ್ರ ನಮಗ ತಿಳೀತದ." ಶ್ರೀನಿವಾಸನ ಕಡೆ ತಿರುಗಿದೆ. "ಅಮ್ಮಗ ಎದುರಾಡಿ ಅಭ್ಯಾಸ ಇಲ್ರಿ ನನಗ" ಎಂದ. ಆ ಮಾತನ್ನು ಒಂದು ಸದ್ಗುಣವೆಂಬಂತೆ ಹೇಳಿದ. ಬಂಡ್ರಿಯ ಅಣ್ಣನಿಗೆ ನಾನೇ ಫೋನು ಮಾಡಿದೆ. ಅವನಿಗೆ ಆಗಲೇ ಸುದ್ದಿ ಮುಟ್ಟಿತ್ತು. "ದೇವರs ಬ್ಯಾಡ ಅಂದಾನಂತಲ್ರಿ. ಹೆಣ್ಣು ಕೊಟ್ಟ ಮ್ಯಾಲೆ ನಮ್ಮದೇನ್ ನಡೀತದ್ರಿ?" ಎಂದು ಫೋನಿಟ್ಟ. ಡಾಕ್ಟರಿಗೆ ಮಾಡಿದರೆ, ಮನೆಯವರು ಒಪ್ಪದೆ ನಾನೇನು ಮಾಡಲಿ ಎಂದರು.

ಮರುದಿನ ಬೆಳಿಗ್ಗೆ ನಾನೊಂದು ಬಾಡಿಗೆ ಕಾರು ತರಿಸಿದೆ. ಬಂದು ನೋಡಿದರೆ ತಾರಸಿಯ ಗ್ರಿಲ್ಲಿಗೆ ಬೀಗ ಬಿದ್ದಿತ್ತು, ಬೀಗದ ಕೈ ಪದ್ಮಾಬಾಯಿಯ ಸೊಂಟದಲ್ಲಿತ್ತು. "ನಮ್ಮ ಮನಿ ಸೊಸಿನ್ನ ನೀವ್ಯಾರು ಒಯ್ಯಾಕ? ಬಾಡಿಗಿ ಕೊಡ್ತೀರಿ, ಇರ್ರಿ. ಇಲ್ಲಂದ್ರ ಜಲ್ದಿ ಬ್ಯಾರೆ ಮನಿ ನೋಡ್ಕೋರಿ" ಎಂದರು. ಕಾರು ಹಿಂದಕ್ಕೆ ಹೋಯಿತು. ಅಂದಿನಿಂದ ಗಂಜಿಯನ್ನು ಗ್ರಿಲ್ಲಿನ ಸಂದಿಯಲ್ಲಿ ತೂರಿಸಬೇಕಾಯಿತು. ಸುಧಾ ಗೋಡೆ ಹಿಡಿದು ಬಂದು ತೆಗೆದುಕೊಳ್ಳುತ್ತಿದ್ದಳು. ಪ್ರತಿ ಸಲವೂ ಒಂದೇ ಪ್ರಶ್ನೆ: "ಗಾಡಿ ಬಂತೇನ್ರಿ?" ಆಮೇಲೆ ಅವಳು ಎದ್ದು ಬರುವುದು ನಿಂತಿತು.

ತುಟಿ ನೀಲಿಯಾಗಿದೆ ಎಂದು ನಾನು ಗ್ರಿಲ್ಲು ಹಿಡಿದು ಓಣಿಯೆಲ್ಲ ಕೇಳುವಂತೆ ಕಿರುಚಿದ ಮೇಲೆ ಬೀಗ ತೆರೆಯಿತು. ಸತ್ತರೆ ಮನೆಯಲ್ಲಿ ಸಾಯಬಾರದು ಎಂದು ತೆರೆದರೋ ಏನೋ, ನನಗೆ ಗೊತ್ತಿಲ್ಲ. ಕಂಪನಿಯ ಜೀಪು ಬಂತು. ಅವಳ ಪಕ್ಕ ಕೂರಲು ಆ ಮನೆಯ ಒಬ್ಬ ಹೆಣ್ಣೂ ಮುಂದೆ ಬರಲಿಲ್ಲ, ನಾನು ಕೂತೆ. ಶ್ರೀನಿವಾಸ ಮುಂದೆ, ಮುಖಕ್ಕೆ ಟವೆಲ್ಲು ಸುತ್ತಿಕೊಂಡು, ಕಿಟಕಿಯ ಗಾಜು ಇಳಿಸಿಕೊಂಡು ಕೂತ. ಆ ಕಿಟಕಿಯಿಂದ ದೂಳೆಲ್ಲ ಒಳಗೆ ಬಂದು ಸುಧಾಳ ಮುಖದ ಮೇಲೆ ಕೂರುತ್ತಿತ್ತು, ನಾನು ಒರೆಸುತ್ತಿದ್ದೆ. ಬಳ್ಳಾರಿಯ ಅರ್ಧ ದಾರಿಗೆ ಸಿಗುವ ತೋರಣಗಲ್ಲು ಇನ್ನೂ ಮುಂದಿತ್ತು, ಅದಿರಿನ ಲಾರಿಗಳು ಸಾಲುಗಟ್ಟಿ ನಿಂತುಬಿಟ್ಟವು. ಹಿಂದೆಯೂ ಲಾರಿ, ಮುಂದೆಯೂ ಲಾರಿ. ಡ್ರೈವರುಗಳು ಇಳಿದು ಬೀಡಿ ಸೇದುತ್ತಿದ್ದರು. ಆ ಸಾಲಿನ ನಡುವೆ, ಹಾಡಹಗಲಲ್ಲಿ, ನನ್ನ ತೊಡೆಯ ಮೇಲೆ ಅವಳ ಉಸಿರು ನಿಂತಿತು. ಬ್ಯಾಗಿನ ಹಿಡಿಕೆ ಅವಳ ಕೈಯಲ್ಲೇ ಇತ್ತು. ಬೆರಳುಗಳನ್ನು ಒಂದೊಂದಾಗಿ ನಾನೇ ಬಿಡಿಸಿದೆ. ಆ ಕೆಲಸವನ್ನು ನಾನು ಮರೆಯಲಾರೆ.

ಇಷ್ಟಕ್ಕೇ ನಿಂತಿದ್ದರೆ ಇದೊಂದು ಕ್ರೂರ ಮನೆಯ ಕಥೆ. ಹೇಳಿಕೊಂಡು ಅತ್ತು ಮುಗಿಸಬಹುದಿತ್ತು.

ಕಾಲೇಜಿಗೆ ರಜೆ ಬಂದ ಒಂದು ಬೆಳಿಗ್ಗೆ ನಾನು ಕಂಪ್ಲಿ ಬಸ್ಸು ಹತ್ತಿದೆ. ಆ ಆಚಾರ್ರನ್ನು ಕಂಡು ನಾಲ್ಕು ಮಾತು ಅನ್ನದೆ ನನಗೆ ನಿದ್ದೆ ಬರುವಂತಿರಲಿಲ್ಲ. ಅಷ್ಟರಲ್ಲಿ ಗುಡಿ ಬಾಗಿಲು ತೆರೆದಿತ್ತು. ಗೋಪಾಲಾಚಾರ್ರು ಮುದುಕರು, ಸಾದಾ ಮನುಷ್ಯ. ಪದ್ಮಾಬಾಯಿಯ ಮನೆಯ ಮೇಲಿರುವವಳು ಎಂದಕೂಡಲೇ, "ಕುಂದ್ರಿ, ಕುಂದ್ರಿ. ಸುದ್ದಿ ಕೇಳಿ ಭಾಳ ಕೆಟ್ಟನಿಸ್ತು. ಒಯ್ದರೂ ಉಳೀಲಿಲ್ಲ ಅಂತಲ್ರಿ. ಲಗೂನ ಒಯ್ದಿದ್ರಿಲ್ಲೋ?" ಎಂದರು.

"ಲಗೂನ ಎಲ್ಲಿಂದ ಒಯ್ಯುತ್ತಾರೆ? ನಿಮ್ಮ ದೇವರು ಎಡಕ್ಕೆ ಕೊಟ್ಟನಲ್ಲ!" ಎಂದೆ ನಾನು.

ಅವರು ನನ್ನ ಮುಖವನ್ನೇ ನೋಡಿದರು. "ಎಡಕ್ಕs? ಏನ್ ಮಾತಾಡ್ತೀರಿ ತಾಯಿ. ಬಲಕ್ಕ ಕೊಟ್ಟ. ನನ್ನ ಕೈಯಾರೆ ಎತ್ತಿ ಕಣ್ಣಿಗೊತ್ತಿಕೊಂಡು ಬಾಳಿ ಎಲಿಯೊಳಗ ಕಟ್ಟಿ ಇಟ್ಟಿದ್ದೆ, ಯಾರರ ಬಂದ್ರ ಆ ಹುಡುಗಿಗೆ ಮುಟ್ಟಿಸಿದ್ರಾತು ಅಂತ. ಬಿಳಿ ಸೇವಂತಗಿ, ಅವತ್ತು ಕಣಗಿಲಿ ಸಿಕ್ಕಿದ್ದಿಲ್ಲ."

ಮೊದಲು ನನಗೆ ಸಿಟ್ಟಿನ ಜೊತೆಗೆ ಗೆಲುವೂ ಆಯಿತು. ಕ್ಯಾಮೆರಾ ಕನ್ನಡಿಯಂತೆ ಎಡಬಲ ತಿರುವಿ ತೋರಿಸಿದೆ, ಈ ಮೂಢರು ಅದನ್ನು ನಂಬಿ ಒಂದು ಜೀವ ತೆಗೆದರು! ಇಷ್ಟು ಸಣ್ಣ ವಿಷಯ ನನಗೆ ಮೊದಲೇ ಯಾಕೆ ಹೊಳೆಯಲಿಲ್ಲ ಎಂದುಕೊಂಡೆ. ಅದನ್ನು ಆಚಾರ್ರಿಗೆ ವಿವರಿಸಲು ಗರ್ಭಗುಡಿಯ ಕಡೆ ಕೈ ತೋರಿಸಿದೆ. ಕೈ ಅಲ್ಲೇ ನಿಂತಿತು.

ದೇವರ ಎಡಕ್ಕೆ ನಂದಾದೀಪ ಉರಿಯುತ್ತಿತ್ತು. ಪರದೆಯ ಮೇಲೂ ಅದು ದೇವರ ಎಡಕ್ಕೇ ಇತ್ತು. ಇರಲಿ, ಚಿತ್ರ ತಿರುವಿದ್ದರೂ ದೀಪವೂ ಅದರ ಜೊತೆಗೇ ತಿರುಗಬೇಕು. ಬಲಭುಜದ ಹೂ ಬಿದ್ದರೆ, ಹೇಗೆ ತಿರುವಿ ನೋಡಿದರೂ, ದೀಪವಿಲ್ಲದ ಕಡೆಗೇ ಬೀಳಬೇಕು. ನಾವು ನಾಲ್ವರು ಕಂಡದ್ದು ದೀಪದ ಬುಡದಲ್ಲಿ.

"ಆ ದಿನ ಈ ದೀಪ ಆ ಕಡೆ ಇತ್ತೇ?" ಎಂದು ಕೇಳಿದೆ.

"ಅದು ಕಲ್ಲಿನ ದೀಪ ರೀ. ಗ್ವಾಡಿಯೊಳಗ ಕೂಡಿಸಿದ್ದು. ನಮ್ಮಜ್ಜನ ಕಾಲದಿಂದ ಅಲ್ಲೇ ಅದ."

ಹೊಸಪೇಟೆಗೆ ಮರಳಿ ಪದ್ಮಾಬಾಯಿಗೆ ಇದನ್ನು ಹೇಳಿದೆ. ಆಕೆ ಗೋಧಿ ಆರಿಸುತ್ತಿದ್ದರು, ಕೈ ನಿಲ್ಲಲಿಲ್ಲ. "ಆಚಾರ್ರಿಗೆ ವಯಸ್ಸಾಗೇದ್ರಿ. ನೀವೂ ನಿಂತು ನೋಡಿಲ್ಲೇನು? ಎಡಕ್ಕ ಬಿದ್ದದ್ದು ಸುಳ್ಳೇನು?" ಎಂದರು. ಸುಳ್ಳಲ್ಲ, ನಾನು ನೋಡಿದ್ದೆ. ಆಮೇಲೆ ಆಕೆ ತಲೆಯೆತ್ತಿ, ಪಾಠ ಹೇಳುವವಳಿಗೇ ಪಾಠ ಹೇಳುವಂತೆ ಮೆಲ್ಲಗೆ ಅಂದರು: "ದೇವರು ಒಯ್ಯಬ್ಯಾಡ ಅಂದಿದ್ದ. ನೀವು ಓಣಿಯೆಲ್ಲ ಕೂಡಿಸಿ ಒಯ್ಯಂಗ ಮಾಡಿದ್ರಿ. ಅಂವ ದಾರ್ಯಾಗs ತೋರಿಸಿದ."

ಊರು ಅದನ್ನೇ ಒಪ್ಪಿಕೊಂಡಿತು. ಪ್ರಾಣದೇವರ ಮಾತು ಮೀರಿ ಒಯ್ದರು, ಆಸ್ಪತ್ರೆ ಮುಟ್ಟುವ ಮೊದಲೇ ಜೀವ ಹೋಯಿತು. ಕಂಪ್ಯೂಟರಿನಲ್ಲಿ ಕೇಳಿದರೂ ಎಂಥ ಸತ್ಯ ನೋಡಿ ಎಂದಿತು. ಗುಡಿ ತೆರೆದ ಮೇಲೂ ಜನ ಕಂಪ್ಲಿಯ ತನಕ ಹೋಗದೆ ಪದ್ಮಾಬಾಯಿಯ ಪಡಸಾಲೆಗೇ ಬರತೊಡಗಿದರು. ಮಡಿಯುಟ್ಟು, ತಂಬಿಗೆಯಲ್ಲಿ ನೀರು ಹಿಡಿದು, ಬಾಗಿಲ ಹೊರಗೆ ಚಪ್ಪಲಿಯ ಸಾಲು ಬಿಟ್ಟು ಪಾಳಿ ಕಾಯುತ್ತಿದ್ದರು. ವಿದ್ಯಾಳ ಮದುವೆ ಗೊತ್ತಾದ ಮುಹೂರ್ತದಲ್ಲೇ ಆಯಿತು. ಅಷ್ಟರಲ್ಲಿ ನಾನು ಬೇರೆ ಮನೆ ನೋಡಿಕೊಂಡಿದ್ದೆ.

ಕ್ಯಾಮೆರಾ, ಇಂಟರ್ನೆಟ್ಟು, ತಡೆದು ಬರುವ ಚಿತ್ರ, ಕಣ್ಣಿನ ಮೋಸ ಎಲ್ಲವನ್ನೂ ನಾನು ಲೆಕ್ಕ ಹಾಕಿ ನೋಡಿದ್ದೇನೆ. ಕೆಳಗಿದ್ದ ಮೂವರು ಎಡಕ್ಕೇ ಬೀಳಲಿ ಎಂದು ಬಯಸಿದ್ದರು, ಅದಕ್ಕೆ ಹಾಗೆ ಕಂಡಿತು ಎಂದು ಒಬ್ಬ ಗೆಳತಿ ಹೇಳಿದಳು. ಹಾಗಾದರೆ ನನಗೆ ಯಾಕೆ ಕಂಡಿತು? ನಾನು ಬಲಕ್ಕೆ ಬೀಳಲಿ ಎಂದು, ಜನ್ಮದಲ್ಲಿ ಒಮ್ಮೆ, ಆ ದೇವರನ್ನು ಮನಸ್ಸಿನಲ್ಲೇ ಬೇಡಿಕೊಂಡಿದ್ದೆ. ಇವತ್ತಿಗೂ ಕಣ್ಣು ಮುಚ್ಚಿದರೆ ನನಗೆ ಆ ಹೂ ದೀಪದ ಬುಡದಲ್ಲೇ ಕಾಣುತ್ತದೆ. ಅದು ಬಲಕ್ಕೆ ಬಿದ್ದದ್ದನ್ನು ಕಂಡವರು ಇಬ್ಬರೇ: ಗುಡಿಯ ಒಳಗೆ ಬಾಯಿ ಕಟ್ಟಿ ಕೂತಿದ್ದ ಮುದುಕ, ಮತ್ತು ತಗಡಿನ ಕೋಣೆಯಲ್ಲಿ ತಲೆ ಬಾಚಿಕೊಂಡು, ಬ್ಯಾಗು ತೊಡೆಯ ಮೇಲಿಟ್ಟುಕೊಂಡು, ಗಾಡಿಗಾಗಿ ಕಾಯುತ್ತಿದ್ದ ಸುಧಾ.